ದಡಕ್ಕೂ ದೋಣಿಗೂ ನಡುವೆ

ಕಾರವಾರ, ಅಂಕೋಲೆಗಳ ಚರಿತ್ರೆ ಬರೆದವರೆಲ್ಲ ದೂರವನ್ನೇ ಅಳೆದಿದ್ದಾರೆ. ಇಂಗ್ಲಿಷ್ ವರ್ತಕರು 1638ರಲ್ಲಿ ಇಲ್ಲಿ ಕೋಠಿ ಹಾಕಿದ್ದು, 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗಿಗೆ ತುಂಬುವ ಕನಸು ಕಂಡದ್ದು, ಮುರ್ಮಗೋವಾಕ್ಕೆ ರೈಲು ಬಂದ ಮೇಲೆ ಆ ಕನಸು ಆರಿದ್ದು, 1998ರಲ್ಲಿ ಕೊಂಕಣ ರೈಲು ಉದ್ದಕ್ಕೂ ಓಡತೊಡಗಿದ್ದು, ಎಲ್ಲವೂ ಹರದಾರಿಗಳ ಲೆಕ್ಕ. ಕಾಲು ಸ್ವಾಧೀನದಲ್ಲಿಲ್ಲದ ಒಬ್ಬ ಮನುಷ್ಯ ಇದೇ ದಾರಿಗಳಲ್ಲಿ ಹೇಗೆ ಹೋಗುತ್ತಿದ್ದ ಎಂದು ಕೇಳಿದರೆ ಲೆಕ್ಕ ಬದಲಾಗುತ್ತದೆ. ಹತ್ತಿ ಕೂತ ಮೇಲೆ ಹಡಗು ಅವನನ್ನು ಮುಂಬಯಿಗೂ ಮುಟ್ಟಿಸುತ್ತದೆ. ಅವನ ಕಷ್ಟವೆಲ್ಲ ಹತ್ತುವ ಮೊದಲಿನ ಎರಡು ಅಡಿಯಲ್ಲಿದೆ, ಇಳಿಯುವಾಗಿನ ಇನ್ನೆರಡು ಅಡಿಯಲ್ಲಿದೆ. ಗಾಲಿಕುರ್ಚಿಯನ್ನು ಆಳು ಸಮೇತ ಎತ್ತಿ ಒಳಗಿಡುವ ವ್ಯಾನಿನ ಲಿಫ್ಟು ಈ ಎರಡು ಅಡಿಗಾಗಿಯೇ ಹುಟ್ಟಿದ ಯಂತ್ರ. ಅದರ ಮೋಟರು ಕೆಟ್ಟರೆ ಕಡಿಮೆ ಖರ್ಚಿನಲ್ಲಿ, ಜೀವಕ್ಕೆ ಅಪಾಯವಿಲ್ಲದಂತೆ ಬದಲಾಯಿಸುವುದು ಹೇಗೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಗ್ಯಾರೇಜಿನದು. ನನ್ನ ವಾದ ಇಷ್ಟು: ಈ ಪ್ರಶ್ನೆಗೆ ಉತ್ತರವಾಗಬಲ್ಲ ತಿಳಿವಳಿಕೆ ಈ ಕರಾವಳಿಯಲ್ಲಿ ಬಹುಕಾಲದಿಂದ ಇದೆ. ಭಾರವನ್ನು ಎತ್ತುವ ಶಕ್ತಿ ಬೇರೆ, ಎತ್ತಿದ ಭಾರವನ್ನು ಬೀಳದಂತೆ ಹಿಡಿಯುವ ಏರ್ಪಾಡು ಬೇರೆ ಎಂಬುದನ್ನು ಇಲ್ಲಿಯ ತಾರಿಯವರೂ ಹೊರೆಯಾಳುಗಳೂ ಮೀನುಗಾರರೂ ಕೆಲಸದಲ್ಲೇ ಕಲಿತಿದ್ದರು. ಎತ್ತುವ ಶಕ್ತಿಯನ್ನು ಅಗ್ಗವಾಗಿ ಬದಲಾಯಿಸಬಹುದು. ಹಿಡಿಯುವ ಏರ್ಪಾಡಿನಲ್ಲಿ ಚೌಕಾಸಿ ಮಾಡುವಂತಿಲ್ಲ.

ಮೊದಲು ನೀರಿನ ದಾರಿ ನೋಡೋಣ. ಕಾರವಾರದ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿ, ಅಂಕೋಲೆಗೂ ಗೋಕರ್ಣಕ್ಕೂ ನಡುವೆ ಗಂಗಾವಳಿ. ಸೇತುವೆಗಳು ಬರುವ ತನಕ ಉತ್ತರ–ದಕ್ಷಿಣ ಹೋಗುವವರಿಗೆ ತಾರಿ ದೋಣಿಯೇ ಗತಿ. 1868ರ ಮುಂಬಯಿ ತಾರಿ ಕಾಯ್ದೆ ಇಂಥ ಕಡವುಗಳನ್ನು ಸರ್ಕಾರದ ಹತೋಟಿಗೆ ತಂದಿತು, ಹಾಸಲಿಗೆ ನಿಯಮ ಮಾಡಿತು. ಕಡಲ ದಾರಿಯಲ್ಲಿ ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು ಮಳೆಗಾಲ ಕಳೆದ ಮೇಲೆ ಮುಂಬಯಿಯಿಂದ ಮಂಗಳೂರಿನವರೆಗೆ ಬಂದರಿನಿಂದ ಬಂದರಿಗೆ ನಿಲ್ಲುತ್ತ ಸಾಗುತ್ತಿದ್ದವು. ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಆಳದಲ್ಲೇ ಲಂಗರು ಹಾಕುತ್ತದೆ. ಜನ ಸಣ್ಣ ದೋಣಿಗೆ ಇಳಿಯಬೇಕು, ದೋಣಿ ಮರಳಿಗೆ ತಾಗಿದಾಗ ಮೊಣಕಾಲಿನ ನೀರಿಗೆ ಇಳಿಯಬೇಕು ಅಥವಾ ಯಾರದಾದರೂ ಹೆಗಲೇರಬೇಕು. ಇಳಿತದ ಹೊತ್ತಾದರೆ ಕೆಸರು ಬೇರೆ. ಈ ಕೊನೆಯ ತುಣುಕು ಎಷ್ಟು ಹಟಮಾರಿಯಾಗಿತ್ತು ಎನ್ನುವುದಕ್ಕೆ ಒಂದು ಪ್ರಸಿದ್ಧ ಸಾಕ್ಷ್ಯವಿದೆ. 1883ರ ಸುಮಾರಿಗೆ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದು, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದರು. ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ ಬೆಳದಿಂಗಳಿನಲ್ಲಿ ಮರಳಿದ್ದನ್ನು ಅವರು ತಮ್ಮ ನೆನಪುಗಳ ಪುಸ್ತಕದಲ್ಲಿ ಬರೆದಿದ್ದಾರೆ. ಅಳಿವೆಯ ಮರಳ ದಿಬ್ಬಗಳ ನಡುವೆ ದೋಣಿ ಸಾಗಿಸುವುದು ತಡವಾಗುತ್ತದೆಂದು ಎಲ್ಲರೂ ಇಳಿದು ಕಡಲ ದಂಡೆಯ ಮೇಲೆ ನಡೆದೇ ಮನೆ ಸೇರಿದರಂತೆ. ಸಾಹಿತ್ಯದ ಓದುಗರು ಅಲ್ಲಿ ಬೆಳದಿಂಗಳನ್ನು ನೋಡಿದ್ದಾರೆ, ನೋಡಬೇಕಾದದ್ದೇ. ನನಗೆ ಕಾಣುವುದು ಇನ್ನೊಂದು ಸಂಗತಿ: ಜಿಲ್ಲೆಯ ನ್ಯಾಯಾಧೀಶರ ಮನೆಯವರಿಗೂ ದೋಣಿ ಮನೆಯ ತನಕ ಬರಲಿಲ್ಲ. ಕಾಲಿದ್ದವರಿಗೆ ಆ ನಡಿಗೆ ಕಾವ್ಯಕ್ಕೆ ವಸ್ತುವಾಯಿತು. ಕಾಲಿಲ್ಲದವರು ಆ ದೋಣಿಯಲ್ಲಿದ್ದಿದ್ದರೆ ಭರತಕ್ಕಾಗಿ ಕಾಯುತ್ತ ಕೂರಬೇಕಿತ್ತು.

ನೆಲದ ಮೇಲೆ ಈ ಕೆಲಸ ಮಾಡುತ್ತಿದ್ದದ್ದು ಮೇಣೆ, ಪಲ್ಲಕ್ಕಿ, ಡೋಲಿ. ಉಳ್ಳವರಿಗೆ ಮೇಣೆ, ಇಲ್ಲದವರಿಗೆ ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿದ ಜೋಲಿ. ಘಟ್ಟದ ತಪ್ಪಲಿನ ರಸ್ತೆಯಿಲ್ಲದ ಕೊಪ್ಪಗಳಿಂದ ರೋಗಿಯನ್ನು ಜೋಲಿಯಲ್ಲಿ ಹೊತ್ತು ತಂದ ಸುದ್ದಿ ಈಗಲೂ ಮಳೆಗಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ, ಆದ್ದರಿಂದ ಇದನ್ನು ಪೂರ್ತಿ ಹಳೆಯ ಕಾಲದ ಮಾತೆನ್ನಲಾಗದು. ಹೊರುವವರ ಪದ್ಧತಿಯಲ್ಲಿ ಗಮನಿಸಬೇಕಾದದ್ದು ಅವರು ಹೊರದೆ ಇರುವ ಹೊತ್ತು. ದೇವರ ಪಲ್ಲಕ್ಕಿ ಹೊರುವವರು ನಿಂತಾಗ ದಂಡಿಗೆಯ ಕೆಳಗೆ ಊರುಗೋಲು ಕೊಡುತ್ತಾರೆ. ಭಾರ ಹೆಗಲಿನಿಂದ ಕೋಲಿಗೆ, ಕೋಲಿನಿಂದ ನೆಲಕ್ಕೆ ಇಳಿಯುತ್ತದೆ. ತಲೆಹೊರೆಯವರ ದಾರಿಯಲ್ಲಿ ಎದೆಮಟ್ಟದ ಹೊರೆಗಲ್ಲುಗಳಿರುತ್ತಿದ್ದವು. ಇನ್ನೊಬ್ಬರ ಕೈ ಬೇಡದೆ ಹೊರೆ ಇಳಿಸಿ, ಮತ್ತೆ ತಲೆ ಕೊಟ್ಟು ಎತ್ತಿಕೊಳ್ಳಬಹುದಿತ್ತು. ಕಡವಿನಲ್ಲಿ ಜನ ಹತ್ತುವಾಗ ಅಂಬಿಗ ಮೊದಲು ಜಲ್ಲೆಯನ್ನು ನದಿಯ ನೆಲಕ್ಕೆ ಊರಿ ದೋಣಿ ಸರಿಯದಂತೆ ಹಿಡಿಯುತ್ತಾನೆ, ಆಮೇಲೆ ಕೈಕೊಟ್ಟು ಹತ್ತಿಸುತ್ತಾನೆ. ಮರಳಿಗೆ ಎಳೆದ ದೋಣಿಯ ಎರಡೂ ಬದಿಗೆ ಮರದ ಒತ್ತು ಇಡದೆ ಯಾರೂ ಅದರ ಅಡಿಗೆ ಕೈಹಾಕುವುದಿಲ್ಲ. ಇವೆಲ್ಲದರ ಹಿಂದೆ ಒಂದೇ ತಿಳಿವಳಿಕೆಯಿದೆ. ತೋಳು ದಣಿಯುತ್ತದೆ, ಹಗ್ಗ ಜಾರುತ್ತದೆ, ಆಳು ಸೀನುತ್ತಾನೆ. ಎತ್ತುವ ಶಕ್ತಿ ಯಾವಾಗ ಬೇಕಾದರೂ ಕೈಕೊಡಬಹುದೆಂದು ಮೊದಲೇ ಎಣಿಸಿ, ಅದು ಕೈಕೊಟ್ಟ ಕ್ಷಣದಲ್ಲಿ ಭಾರ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಿದ ಮೇಲೆಯೇ ಎತ್ತುವುದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಆಡುವವರು ಒಳ್ಳೆಯ ಮನಸ್ಸಿನವರೇ. ನಾಲ್ಕು ಜನ ಸೇರಿ ಪ್ರೀತಿಯಿಂದ ಎತ್ತುವ ಊರಿನಲ್ಲಿ ಯಂತ್ರವೇಕೆ? ನಮ್ಮಲ್ಲಿ ಕೈಕೊಡುವವರಿಗೆ ಬರವೇ? ಬರವಿಲ್ಲ ನಿಜ. ಆದರೆ ಆ ನಾಲ್ಕು ಹೆಗಲುಗಳ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಪ್ರೀತಿಯ ಕೆಳಗೆ ಬೇರೆಯದೂ ಸಿಗುತ್ತದೆ. ಮೇಣೆ ಹೊರುವುದು ಇಂತಿಂಥ ಜಾತಿಯವರ ಕೆಲಸವೆಂದು ಹುಟ್ಟಿನಲ್ಲೇ ಗೊತ್ತುಮಾಡಿದ ಸಮಾಜ ಅದು. ಅಧಿಕಾರಿಯ ಸವಾರಿ ಬಂದಾಗ ಬಿಟ್ಟಿಗೆ ಹಿಡಿದು ಹೊರಿಸಿದ್ದೂ ಉಂಟು. ಹೆಗಲು ಅಗ್ಗವಾಗಿತ್ತು, ಏಕೆಂದರೆ ಹೆಗಲಿನವನಿಗೆ ಇಲ್ಲವೆನ್ನುವ ಹಕ್ಕಿರಲಿಲ್ಲ. ಹೊತ್ತುಕೊಂಡು ಹೋಗುವವನ ಅನುಕೂಲಕ್ಕೆ ಹೊರಿಸಿಕೊಂಡವನ ದಿನಚರಿ ಕಟ್ಟುಬಿದ್ದಿರುತ್ತಿತ್ತು ಎಂಬುದು ಇನ್ನೊಂದು ಮುಖ: ಮದುವೆಗೆ ಎತ್ತಿಕೊಂಡು ಹೋಗುತ್ತಾರೆ, ಆಸ್ಪತ್ರೆಗೂ ಎತ್ತುತ್ತಾರೆ, ಸುಮ್ಮನೆ ಸಂಜೆ ಕಡಲ ದಂಡೆಗೆ ಹೋಗಬೇಕೆನಿಸಿದರೆ ಯಾರನ್ನು ಕರೆಯುವುದು? ನಾಲ್ಕು ಜನ ಬಸ್ಸಿನ ಮೆಟ್ಟಿಲ ಮೇಲೆ ಒಬ್ಬರನ್ನು ಎತ್ತುವಾಗ ಬಗಲಿಗೆ ಕೈಹಾಕಿ ಜಗ್ಗಿದರೆ ಭುಜದ ಕೀಲು ಸರಿಯುವ ಅಪಾಯವಿದೆ, ಎತ್ತಿದವನ ಸೊಂಟ ಹಿಡಿಯುವ ಅಪಾಯವೂ ಇದೆ. ಪ್ರೀತಿ ಇವೆರಡನ್ನೂ ತಡೆಯಲಾರದು. ಹಾಗಾಗಿ ಯಂತ್ರ ಬಂದರೆ ಮನುಷ್ಯತ್ವ ಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪಬೇಕಾದ ಆಕ್ಷೇಪ ಬೇರೊಂದಿದೆ: ಹೆಗಲು ಕೆಟ್ಟರೆ ಮತ್ತೊಂದು ಹೆಗಲು ಊರಲ್ಲೇ ಸಿಗುತ್ತಿತ್ತು, ಮೋಟರು ಕೆಟ್ಟರೆ?

ಈ ಪ್ರಶ್ನೆಯನ್ನು ಇದೇ ದಂಡೆ ಒಮ್ಮೆ ಎದುರಿಸಿ ದಾಟಿದೆ. 1952ರ ಒಪ್ಪಂದದಿಂದ ಆರಂಭವಾದ ಇಂಡೋ–ನಾರ್ವೇಜಿಯನ್ ಯೋಜನೆ ಮೊದಲು ಕೇರಳದ ನೀಂಡಕರೆಯಲ್ಲಿ ನೆಲೆಯೂರಿತು. 1960ರ ದಶಕದಲ್ಲಿ ವಿಸ್ತರಿಸಿದಾಗ ಕಾರವಾರವೂ ಅದರ ಕೇಂದ್ರಗಳಲ್ಲಿ ಒಂದಾಯಿತು. ಯಂತ್ರದ ದೋಣಿ, ಮಂಜುಗಡ್ಡೆ, ಶೀತಲ ದಾಸ್ತಾನು ಇವೆಲ್ಲ ಹೊಸ ಮಾತುಗಳಾಗಿ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಕ್ಕೆ ಬಂದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ದೋಣಿಗಳು ಬಂದು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಮೂಲೆಗೆ ತಳ್ಳಿದವು. ಆ ನಷ್ಟದ ಕಥೆ ದೊಡ್ಡದು, ಇಲ್ಲಿ ಬೇಡ. 1980ರ ದಶಕದಲ್ಲಿ ಸಣ್ಣ ದೋಣಿಗಳ ಹಿಂಬದಿಗೂ ಔಟ್‌ಬೋರ್ಡ್ ಎಂಜಿನ್ ಏರಿತು. ಹರಿಕಂತ್ರ, ಖಾರ್ವಿ, ಗಾಬಿತ ಮೀನುಗಾರರ ಮನೆಗಳಲ್ಲಿ ಅಲ್ಲಿಯವರೆಗೆ ಹಾಯಿ, ಹುಟ್ಟು, ಬಲೆಗಳ ರಿಪೇರಿ ಗೊತ್ತಿತ್ತು. ಎಂಜಿನ್ ಜಪಾನಿನದು, ಅದರ ಪುಸ್ತಕ ಇಂಗ್ಲಿಷಿನದು. ಒಂದು ಪಿಸ್ಟನ್ ರಿಂಗಿಗಾಗಿ ದಿನಗಟ್ಟಲೆ ದೋಣಿ ದಡದಲ್ಲಿ ಕೂತರೆ ಸಾಲದ ಬಡ್ಡಿ ಕೂರುವುದಿಲ್ಲ. ಆದ್ದರಿಂದ ಬಂದರಿನ ಸುತ್ತಲೇ ಬಿಚ್ಚುವ, ಬೆಸೆಯುವ, ಲೇತಿನಲ್ಲಿ ಬುಷ್ ಕಡೆಯುವ, ಸುತ್ತು ಸುಟ್ಟ ಕಾಯಿಲನ್ನು ಮತ್ತೆ ಸುತ್ತುವ ಕೈಗಳು ತಯಾರಾದವು. ಲಾರಿಯ ಎಂಜಿನ್ ಬಿಚ್ಚಬಲ್ಲವರು ಟ್ರಾಲರಿನ ಎಂಜಿನ್ನಿಗೂ ಕೈಯಿಟ್ಟರು. ಇದರಲ್ಲಿ ನನಗೆ ಮುಖ್ಯವೆನಿಸುವ ವಿವರ ಒಂದೇ: ಎಂಜಿನ್ ಬಂದ ಮೇಲೂ ಸಣ್ಣ ದೋಣಿಯವರು ಹುಟ್ಟನ್ನು ಮನೆಯಲ್ಲಿಟ್ಟು ಹೋಗಲಿಲ್ಲ. ರಿಪೇರಿಯಾದ ಎಂಜಿನ್ ಮೇಲೆ ಅವರಿಗಿದ್ದದ್ದು ಲೆಕ್ಕಾಚಾರದ ನಂಬಿಕೆ. ಅಳಿವೆಯ ಬಾಯಲ್ಲಿ ಅದು ನಿಂತರೆ ಹುಟ್ಟಿದೆ, ಹುಟ್ಟು ಸಾಲದಿದ್ದರೆ ಲಂಗರಿದೆ. ಊರಿನ ರಿಪೇರಿಯ ಎಂಜಿನ್ ಅಗ್ಗವಾಗಿರಲು ಸಾಧ್ಯವಾದದ್ದೇ ಲಂಗರಿನ ಹಗ್ಗ ಗಟ್ಟಿಯಿದ್ದದ್ದರಿಂದ.

ನೆಲದಲ್ಲಿ ಮೋಟರು ಬಂದ ಬಗೆ ಬೇರೆ. ಸೇತುವೆಗಳಾದವು, ತಾರಿಗಳು ಒಂದೊಂದಾಗಿ ನಿಂತವು, ಅಂಬಿಗನ ಕೈ ಹಿಂದೆ ಸರಿಯಿತು. ಕಾಳಿಯ ಮೇಲೆ 1980ರ ದಶಕದಲ್ಲಿ ಬಳಕೆಗೆ ಬಂದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳಚಿ ಬಿದ್ದು, ಲಾರಿಯೊಂದು ನದಿಗೆ ಉರುಳಿ, ಚಾಲಕ ಬದುಕಿ ಬಂದ ಮೇಲೆ ಎಷ್ಟೋ ಜನ ಹಳೆಯ ತಾರಿಯ ಮಾತಾಡಿದರು. ತಾರಿಯ ಜಾಗಕ್ಕೆ ಬಂದ ಬಸ್ಸು ಲಾರಿಯ ಚಾಸಿಯ ಮೇಲೆ ಕಟ್ಟಿದ್ದು. ಅದರ ನೆಲ ರಸ್ತೆಯಿಂದ ಮೂರು ಅಡಿಗೂ ಮೇಲೆ. ಅಂದರೆ ದೋಣಿಯ ಕಾಲದ ಎರಡು ಅಡಿ ಬಸ್ಸಿನ ಕಾಲಕ್ಕೆ ಹೆಚ್ಚೇ ಆಯಿತು, ಜೊತೆಗೆ ಹಿಡಿದು ನಿಲ್ಲಿಸುವ ಜಲ್ಲೆಯೂ ಕೈಕೊಡುವ ಅಂಬಿಗನೂ ಇಲ್ಲ. ಗಂಟೆ ಹೊಡೆದರೆ ಬಸ್ಸು ಹೊರಟಿತು. ಕಾಯ್ದೆ ಇದನ್ನು ಗಮನಿಸಲು ಬಹಳ ತಡಮಾಡಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ರೈಲು, ಬಸ್ಸು, ಹಡಗು, ವಿಮಾನಗಳನ್ನು ಹತ್ತಲು ಅನುಕೂಲವಾಗುವಂತೆ ಮಾರ್ಪಡಿಸಬೇಕೆಂಬ ಮಾತಿತ್ತು, ಸಂಸ್ಥೆಯ ಆರ್ಥಿಕ ಶಕ್ತಿಗೆ ಒಳಪಟ್ಟು ಎಂಬ ಬಾಲವೂ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಂದು ಹೆಜ್ಜೆ ಮುಂದಿಟ್ಟು, ತಾಂತ್ರಿಕವಾಗಿ ಸಾಧ್ಯವಿದ್ದು ಸುರಕ್ಷಿತವೂ ಮಿತವ್ಯಯದ್ದೂ ಆಗಿರುವ ಕಡೆಯಲ್ಲಿ ಹಳೆಯ ವಾಹನಗಳಿಗೇ ಅನುಕೂಲ ಜೋಡಿಸಬೇಕು ಎಂದಿತು. ಸುರಕ್ಷೆ ಮತ್ತು ಮಿತವ್ಯಯ ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದ್ದು ಗಮನಾರ್ಹ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ, ಅಂಗವಿಕಲರ ಬಳಕೆಗಾಗಿ ವಾಹನವನ್ನು ಮಾರ್ಪಡಿಸಿಕೊಂಡು ಆಮೇಲೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆಯುವ ದಾರಿಯನ್ನೂ ತೆರೆಯಿತು. ಪಕ್ಕದಲ್ಲಿ ಎರಡು ಗಾಲಿ ಕಟ್ಟಿದ ಸ್ಕೂಟರುಗಳು ಸರ್ಕಾರದ ಯೋಜನೆಯಡಿ ಊರೂರಿಗೆ ಬಂದು ಜನರ ಕಣ್ಣಿಗೆ ರೂಢಿಯಾಗಿವೆ. ಗಾಲಿಕುರ್ಚಿಯ ವ್ಯಾನು ಈ ತೀರದಲ್ಲಿ ಇನ್ನೂ ಅಪರೂಪದ ನೋಟ.

ವಿಚಿತ್ರವೆಂದರೆ ಲಿಫ್ಟೆಂಬ ಯಂತ್ರ ಕಾರವಾರಕ್ಕೆ ಅಪರಿಚಿತವೇನಲ್ಲ. ದೇಶದ ಹೆಸರಾಂತ ಲಿಫ್ಟುಗಳಲ್ಲಿ ಒಂದು ಇಲ್ಲಿಯೇ ಇದೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆ, ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದ ಮೇಲೆ, 2005ರಲ್ಲಿ ಐಎನ್ಎಸ್ ಕದಂಬ ಎಂಬ ನೌಕಾನೆಲೆಯಾಯಿತು. ಅಲ್ಲಿಯ ಹಡಗೆತ್ತುವ ವೇದಿಕೆ 10,000 ಟನ್ ತೂಕದ ಯುದ್ಧನೌಕೆಯನ್ನು ನೀರಿನಿಂದ ನೆಲದ ಮಟ್ಟಕ್ಕೆ ಎತ್ತಬಲ್ಲದು. ಈ ಬಗೆಯ ಲಿಫ್ಟಿನಲ್ಲಿ ವೇದಿಕೆಯ ಎರಡೂ ಅಂಚಿಗೆ ಸಾಲು ಸಾಲು ವಿಂಚುಗಳು. ಎಲ್ಲದರ ಮೋಟರು ಒಂದೇ ವೇಗದಲ್ಲಿ ಸುತ್ತುವಂತೆ ಹೊಂದಿಸಿರುತ್ತಾರೆ, ಇಲ್ಲದಿದ್ದರೆ ವೇದಿಕೆ ವಾಲುತ್ತದೆ. ಮೋಟರುಗಳ ಜೊತೆಗೆ ಬ್ರೇಕು, ಹಲ್ಲಿನ ಚಕ್ರಕ್ಕೆ ಬಿದ್ದು ಕಚ್ಚಿಕೊಳ್ಳುವ ಕೊಕ್ಕೆ. ವಿದ್ಯುತ್ತು ಹೋದರೂ ಹಡಗು ಎಷ್ಟೆತ್ತರದಲ್ಲಿತ್ತೋ ಅಷ್ಟೆತ್ತರದಲ್ಲೇ ನಿಲ್ಲುತ್ತದೆ. ಪಲ್ಲಕ್ಕಿಯ ಊರುಗೋಲೇ ಉಕ್ಕಿನಲ್ಲಿ ಹುಟ್ಟಿಬಂದಂತೆ. ಹತ್ತು ಸಾವಿರ ಟನ್ನಿಗೆ ಇಷ್ಟು ಎಚ್ಚರ ವಹಿಸಲು ಬಲ್ಲ ಊರಿನಲ್ಲಿ ಇನ್ನೂರು ಕಿಲೋದ ಗಾಲಿಕುರ್ಚಿಗೆ ಮೆಟ್ಟಿಲೇ ಉತ್ತರ ಎಂದು ಕೊಂಕು ನುಡಿಯುವುದು ಸುಲಭ. ರಕ್ಷಣಾ ಬಜೆಟ್ಟಿಗೂ ಮನೆಯ ಬಜೆಟ್ಟಿಗೂ ಹೋಲಿಕೆ ಸಲ್ಲದು ಎಂದು ಮರುಮಾತು ಹೇಳುವುದೂ ಅಷ್ಟೇ ಸುಲಭ. ನಾನು ಹೋಲಿಸುತ್ತಿರುವುದು ಹಣವನ್ನಲ್ಲ, ತತ್ತ್ವವನ್ನು. ಕಾಯುವ ಕೊಕ್ಕೆ ಹಡಗಿಗೆ ಎಷ್ಟು ಬೇಕೋ ಕುರ್ಚಿಗೂ ಅಷ್ಟೇ ಬೇಕು, ಮತ್ತು ಕುರ್ಚಿಯ ಅಳತೆಯ ಕೊಕ್ಕೆ ಅಷ್ಟೇನೂ ದುಬಾರಿಯಲ್ಲ.

ವ್ಯಾನಿನ ಲಿಫ್ಟು ಹುಟ್ಟಿದ್ದೂ ದೊಡ್ಡ ಕಾರ್ಖಾನೆಯಲ್ಲಿ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ವಿನಮ್ಯಾಕ್ ಎಂಬ ಸಣ್ಣ ಊರಿನ ರಾಲ್ಫ್ ಬ್ರಾನ್ ಸ್ನಾಯುಕ್ಷಯದಿಂದ ನಡೆಯಲಾರದವರಾಗಿದ್ದರು. 1960ರ ದಶಕದಲ್ಲಿ ಮೊದಲು ತಮಗಾಗಿ ಮೋಟರಿನ ಬಂಡಿ, ಆಮೇಲೆ ಹಳೆಯ ಅಂಚೆ ಜೀಪಿಗೆ ಲಿಫ್ಟು, 1970ರಲ್ಲಿ ವ್ಯಾನಿಗೆ ಲಿಫ್ಟು ಜೋಡಿಸಿದರು. ಬಳಸುವವನೇ ಮೆಕ್ಯಾನಿಕ್ಕಾಗಿದ್ದ. ಮುಂದೆ ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಡಿ ಬಂದ ನಿಯಮಗಳು ಇಂಥ ಲಿಫ್ಟು ಕಡಿಮೆಯೆಂದರೆ 600 ಪೌಂಡು, ಅಂದರೆ 272 ಕಿಲೋ ಭಾರಕ್ಕೆ ರೂಪಿತವಾಗಿರಬೇಕೆಂದವು. ಸವೆಯುವ ಭಾಗಗಳು, ಅಂದರೆ ಹಗ್ಗ, ರಾಟೆ, ಶಾಫ್ಟುಗಳು ಅದರ ಆರು ಪಟ್ಟು ತಡೆಯಬೇಕು. ಸವೆಯದ ಚೌಕಟ್ಟು ಮೂರು ಪಟ್ಟು ತಡೆದರೆ ಸಾಕು. ಜನ ಮೇಲಿರುವಾಗ ವೇದಿಕೆ ಸೆಕೆಂಡಿಗೆ ಆರು ಅಂಗುಲಕ್ಕಿಂತ ವೇಗವಾಗಿ ಏರಬಾರದು, ಇಳಿಯಬಾರದು. ವಿದ್ಯುತ್ ಕೈಕೊಟ್ಟಾಗಲೂ ಸೆಕೆಂಡಿಗೆ ಹನ್ನೆರಡು ಅಂಗುಲ ಮೀರಿ ಬೀಳಬಾರದು. ಕೈಯಿಂದ ಇಳಿಸುವ ವ್ಯವಸ್ಥೆ ಇರಲೇಬೇಕು. ಈ ನಿಯಮಗಳನ್ನು ಓದುವಾಗ ನನಗೆ ಹೊಳೆಯುವುದೇನೆಂದರೆ, ಅವು ಭಾರ, ವೇಗ, ತಡೆ ಎಲ್ಲಕ್ಕೂ ಅಳತೆ ಕೊಡುತ್ತವೆ. ಮೋಟರು ಇಂಥ ಕಂಪನಿಯದೇ ಆಗಿರಬೇಕೆಂದು ಎಲ್ಲೂ ಹೇಳುವುದಿಲ್ಲ.

ಕರಾವಳಿಯಲ್ಲಿ ಲಿಫ್ಟಿನ ಮೋಟರು ಹೇಗೆ ಕೆಡುತ್ತದೆ? ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಉಳಿದ ತಿಂಗಳು ಉಪ್ಪುಗಾಳಿ. 1930ರ ಏಪ್ರಿಲ್ 13ರಂದು ಅಂಕೋಲೆಯ ಜನ ಯಾವ ಉಪ್ಪಿಗಾಗಿ ಕಾಯ್ದೆ ಮುರಿದರೋ ಅದೇ ಉಪ್ಪು ತಾಮ್ರದ ಕೊಂಡಿಯ ಮೇಲೆ ಹಸಿರು ಕಿಲುಬಾಗಿ ಕೂರುತ್ತದೆ. ಹೈಡ್ರಾಲಿಕ್ ಲಿಫ್ಟಿನ ಪಂಪಿನ ಮೋಟರು 12 ವೋಲ್ಟಿನದು, ಭಾರ ಎತ್ತುವಾಗ ನೂರು ಆಂಪಿಯರಿನ ಆಸುಪಾಸು ಎಳೆಯುತ್ತದೆ. ಅರ್ತ್ ವಯರಿನ ಬುಡದಲ್ಲಿ ತುಕ್ಕಿನಿಂದ 0.02 ಓಮ್‌ನಷ್ಟು ಅಡ್ಡಿ ಕೂತರೆ ಸಾಕು, ಎರಡು ವೋಲ್ಟು ಅಲ್ಲಿಯೇ ಕರಗಿ ಮೋಟರಿಗೆ ಹತ್ತೇ ಸಿಗುತ್ತದೆ. ಲಿಫ್ಟು ನರಳುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮೋಟರು ಸುಟ್ಟಿದೆ ಎಂದು ತೀರ್ಪಾಗುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಹೊಸ ಬೋಲ್ಟು ಹಾಕುವ ಕೆಲಸಕ್ಕೆ ಹೊಸ ಮೋಟರು ತರಿಸಿದಂತಾಗುತ್ತದೆ. ಅದೂ ಅಲ್ಲದಿದ್ದರೆ ಸೊಲೆನಾಯ್ಡ್ ಸ್ವಿಚ್ಚಿನ ಕಾಂಟ್ಯಾಕ್ಟು ಕಪ್ಪಾಗಿರುತ್ತದೆ, ಅದೂ ಸರಿಯಿದ್ದರೆ ಕಾರ್ಬನ್ ಬ್ರಷ್ ಸವೆದಿರುತ್ತದೆ, ಬುಷ್ ತಿಂದುಹೋಗಿರುತ್ತದೆ. ಆರ್ಮೇಚರು ನಿಜಕ್ಕೂ ಸುಟ್ಟಿರುವುದು ಸರದಿಯ ಕೊನೆಗೆ. ವ್ಯಾನಿನ ಜಾರುಬಾಗಿಲಿನ ಮೋಟರಿನ ಕಥೆಯೂ ಇದೇ: ಹಳಿಯಲ್ಲಿ ಮರಳು ಕೂತು ಬಾಗಿಲು ಬಿಗಿಯಾದರೆ ಬೈಸಿಕೊಳ್ಳುವುದು ಮೋಟರು. ದೋಣಿಯ ಎಂಜಿನ್ ನೋಡಿ ಬೆಳೆದ ಮೆಕ್ಯಾನಿಕ್ಕಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವನು ಮೊದಲು ಮುಟ್ಟಿ ನೋಡುವುದೇ ವಯರಿನ ತುದಿಯನ್ನು. ಅಗ್ಗದ ರಿಪೇರಿಯ ಬಹುಪಾಲು ಈ ಮುಟ್ಟಿ ನೋಡುವುದರಲ್ಲಿದೆ.

ಮೋಟರನ್ನೇ ಬದಲಾಯಿಸಬೇಕಾಗಿ ಬಂದಾಗ ಜಾಗ್ರತೆ ಶುರುವಾಗುತ್ತದೆ. ಹೈಡ್ರಾಲಿಕ್ ಲಿಫ್ಟಿನಲ್ಲಿ ಮೋಟರು ಎಣ್ಣೆಯನ್ನು ತಳ್ಳುತ್ತದೆ ಅಷ್ಟೆ. ಮೇಲೇರಿದ ಕುರ್ಚಿಯನ್ನು ಹಿಡಿದಿರುವುದು ಹಿಂದಕ್ಕೆ ಹರಿಯಗೊಡದ ಚೆಕ್ ವಾಲ್ವ್. ಸ್ಕ್ರೂ ಅಥವಾ ವರ್ಮ್ ಗೇರಿನ ಲಿಫ್ಟಿನಲ್ಲಿ ಹಿಡಿಯುವುದು ಆ ಗೇರಿನ ಹಲ್ಲು ಮತ್ತು ಬ್ರೇಕು. ಹಾಗಾಗಿ ಪಂಪಿನ ಮೋಟರನ್ನು ವೋಲ್ಟು, ಶಕ್ತಿ, ಸುತ್ತಿನ ವೇಗ, ತಿರುಗುವ ದಿಕ್ಕು, ಶಾಫ್ಟಿನ ಅಳತೆ, ಎಷ್ಟು ಹೊತ್ತು ಸತತ ಓಡಬಲ್ಲದು ಎಂಬುದನ್ನೆಲ್ಲ ಹೊಂದಿಸಿ ಸ್ಥಳೀಯವಾಗಿ ರಿವೈಂಡ್ ಮಾಡಿಸಬಹುದು ಅಥವಾ ಅಷ್ಟೇ ಅಳತೆಯ ಬೇರೆಯದನ್ನು ಕೂರಿಸಬಹುದು. ಅದು ಕೈಕೊಟ್ಟರೆ ಕುರ್ಚಿ ನಿಂತಲ್ಲೇ ನಿಲ್ಲುತ್ತದೆ, ಹ್ಯಾಂಡ್ ಪಂಪು ಹುಟ್ಟಿನ ಕೆಲಸ ಮಾಡುತ್ತದೆ. ಗೇರು ಮೋಟರಿನದೇ ಭಾಗವಾಗಿರುವ ಕಡೆ ಈ ಸ್ವಾತಂತ್ರ್ಯವಿಲ್ಲ, ಅಲ್ಲಿ ಮೋಟರು ಬದಲಾದರೆ ಹಿಡಿತವೂ ಬದಲಾಗುತ್ತದೆ. ವೇಗದ ಮೋಟರು ಹಾಕಿ ಕೆಲಸ ಬೇಗ ಮುಗಿಸೋಣವೆಂಬ ಆಸೆ, ದೊಡ್ಡ ಮೋಟರಿಗೆ ಹಳೆಯ ಫ್ಯೂಸು ಹಾರುತ್ತದೆಂದು ತಂತಿ ಸುತ್ತುವುದು, ಭಾರ ಏಳುತ್ತಿಲ್ಲವೆಂದು ರಿಲೀಫ್ ವಾಲ್ವಿನ ತಿರುಪು ಬಿಗಿಯುವುದು, ತಕರಾರು ಮಾಡುವ ಲಿಮಿಟ್ ಸ್ವಿಚ್ಚನ್ನು ನೇರ ಜೋಡಿಸಿಬಿಡುವುದು, ಇವು ರಿಪೇರಿಗಳಲ್ಲ. ಊರುಗೋಲನ್ನು ಮುರಿದು ಒಲೆಗೆ ಹಾಕಿದಂತೆ. ಬಾಗಿಲಿನ ಮೋಟರಿನಲ್ಲಿ, ಕೈ ಸಿಕ್ಕಿಕೊಂಡರೆ ಹಿಂದೆ ಸರಿಯುವ ಗುಣ ಉಳಿದಿದೆಯೇ ಎಂದು ಬಟ್ಟೆಯ ಸುರುಳಿ ಅಡ್ಡ ಇಟ್ಟು ನೋಡಬೇಕು. ಲಿಫ್ಟಿಗೆ ಮೊದಲು ಕೂರಬೇಕಾದದ್ದು ಅಕ್ಕಿಯ ಚೀಲ: ಬಲವಾದ ಮೋಟರಿನ ಗಾಲಿಕುರ್ಚಿಯೇ ನೂರು ಕಿಲೋ ದಾಟುವುದುಂಟು, ಆದ್ದರಿಂದ 272 ಕಿಲೋದ ಲಿಫ್ಟಿಗೆ ಐವತ್ತು ಕಿಲೋದ ಐದು ಚೀಲ ಏರಿಸಿ, ನಡುಗಾಳಿಯಲ್ಲಿ ನಿಲ್ಲಿಸಿ, ಬ್ಯಾಟರಿ ತಂತಿ ಕಳಚಿ, ಅರ್ಧ ಗಂಟೆಯಲ್ಲಿ ವೇದಿಕೆ ಎಷ್ಟು ಇಳಿಯಿತೆಂದು ಸೀಮೆಸುಣ್ಣದ ಗೆರೆಯಿಂದ ಅಳೆಯಬಹುದು.

ಇದಕ್ಕೆ ತಯಾರಕರ ಕಡೆಯವರ ಆಕ್ಷೇಪ ಗೊತ್ತಿರುವುದೇ: ಕಂಪನಿಯ ಭಾಗ ಹಾಕದಿದ್ದರೆ ಜವಾಬ್ದಾರಿ ಯಾರದು? ಹಿಡಿಯುವ ಭಾಗಗಳ ಮಟ್ಟಿಗೆ ಅವರ ಮಾತು ಪೂರ್ತಿ ಸರಿ. ವಾಲ್ವು, ಸಿಲಿಂಡರಿನ ಸೀಲು, ಚೈನು, ಬ್ರೇಕು, ಕುರ್ಚಿ ಉರುಳದಂತೆ ಏಳುವ ಅಂಚುತಡೆ, ಇವನ್ನು ತಯಾರಕರಿಂದಲೇ ತರಿಸಬೇಕು, ಎಷ್ಟು ದುಬಾರಿಯಾದರೂ. ವಾರಂಟಿ ಇರುವ ಲಿಫ್ಟನ್ನು ಊರಿನಲ್ಲಿ ಬಿಚ್ಚುವುದೂ ಜಾಣತನವಲ್ಲ. ಆದರೆ ಎಲ್ಲಕ್ಕೂ ಕಂಪನಿಯನ್ನೇ ಕಾಯಬೇಕೆಂಬ ನಿಯಮದ ಫಲ ಏನು? ಭಾಗ ಬರಲು ತಿಂಗಳುಗಟ್ಟಲೆ ತಡವಾದರೆ ವ್ಯಾನು ನಿಲ್ಲುತ್ತದೆ, ಕುರ್ಚಿಯವರನ್ನು ಮತ್ತೆ ನಾಲ್ಕು ಜನ ಎತ್ತುತ್ತಾರೆ, ಅಂದರೆ ಎಲ್ಲಕ್ಕಿಂತ ಅಪಾಯದ ವಿಧಾನಕ್ಕೆ ಸುರಕ್ಷೆಯ ಹೆಸರಿನಲ್ಲೇ ಮರಳಿದಂತಾಯಿತು. ಮೋಟರಿನ ಗೊಡವೆಯೇ ಬೇಡ, ಇಳಿಜಾರು ಹಲಗೆ ಸಾಕು ಎನ್ನುವವರ ಮಾತಿಗೆ ಇನ್ನಷ್ಟು ತೂಕವಿದೆ. ನಾನು ಅರ್ಧ ಒಪ್ಪುತ್ತೇನೆ. ನೆಲ ತಗ್ಗಿರುವ ವಾಹನಕ್ಕೆ ಹಲಗೆಯೇ ಮೇಲು, ಅದರಲ್ಲಿ ಕೆಡುವಂಥದ್ದೇ ಇಲ್ಲ. ಆದರೆ ಒಂದಕ್ಕೆ ಹನ್ನೆರಡರ ಇಳಿಜಾರು ಬೇಕೆಂದರೆ ಎರಡು ಅಡಿ ಎತ್ತರದ ವ್ಯಾನಿಗೆ ಇಪ್ಪತ್ನಾಲ್ಕು ಅಡಿಯ ಹಲಗೆ ಬೇಕು. ಅಂಕೋಲೆ ಪೇಟೆಯಲ್ಲಿ ಅಷ್ಟು ಜಾಗ ಬಿಟ್ಟು ನಿಲ್ಲಿಸಿದರೆ ಹಿಂದಿನ ಟೆಂಪೋದವನು ಸುಮ್ಮನಿರುತ್ತಾನೆಯೇ? ಹಲಗೆ ಗಿಡ್ಡವಾದಷ್ಟೂ ಹಿಂದಿನಿಂದ ತಳ್ಳುವ ಕೈ ಬೇಕು, ಮತ್ತೆ ಹೆಗಲಿನ ಲೆಕ್ಕಕ್ಕೇ ಬಂದೆವು.

ಉಳಿದದ್ದು ಸಂಖ್ಯೆಯ ಆಕ್ಷೇಪ. ಎರಡು ಸಣ್ಣ ತಾಲೂಕು, ಬೆರಳೆಣಿಕೆಯ ವ್ಯಾನು, ಇದಕ್ಕೆಂದೇ ಮೆಕ್ಯಾನಿಕ್ ಹುಟ್ಟುತ್ತಾನೆಯೇ? 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವೈಕಲ್ಯವಿರುವವರು 2.68 ಕೋಟಿ, ಚಲನೆಯ ತೊಂದರೆಯವರೇ 54 ಲಕ್ಷ. ಕರ್ನಾಟಕದಲ್ಲಿ ಒಟ್ಟು 13 ಲಕ್ಷ ದಾಟುತ್ತದೆ. ಇದಕ್ಕೆ ವಯಸ್ಸಾಗಿ ಮಂಡಿ ಸೋತವರನ್ನು ಸೇರಿಸಿಲ್ಲ. ಆದರೂ ನಾನು ಈ ಆಕ್ಷೇಪಕ್ಕೆ ಸಂಖ್ಯೆಯಿಂದ ಉತ್ತರಿಸಲು ಹೋಗುವುದಿಲ್ಲ, ಏಕೆಂದರೆ ಲಿಫ್ಟಿಗೆಂದೇ ಮೆಕ್ಯಾನಿಕ್ ಹುಟ್ಟಬೇಕಾಗಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೈತಖೋಲದಲ್ಲಿ, ಅಂಕೋಲೆಯ ಬೇಲೆಕೇರಿಯಲ್ಲಿ ದೋಣಿಗಳು ಕಟ್ಟಿ ನಿಲ್ಲುತ್ತವೆ, ಎಂಜಿನ್ ಬಿಚ್ಚುತ್ತಾರೆ, ವಿಂಚಿಗೆ ಗ್ರೀಸ್ ತುಂಬುತ್ತಾರೆ, ಲಂಗರಿನ ಹಗ್ಗ ಬೆರಳಲ್ಲಿ ತಡವಿ ನೋಡುತ್ತಾರೆ. ಆಗ ಅವರ ಬಳಿ ವ್ಯಾನು ತಂದರೆ ಸರದಿ ಸಿಗದು. ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ದೋಣಿಗಳು ಹೊರಟ ಮೇಲೆ ಅದೇ ಕೈಗಳು ಬಿಡುವಾಗುತ್ತವೆ. ಅಷ್ಟರಲ್ಲಿ ಮೂರು ತಿಂಗಳ ಮಳೆ ಲಿಫ್ಟಿನ ಅರ್ತ್ ಬೋಲ್ಟಿಗೆ ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿರುತ್ತದೆ. ವ್ಯಾನಿನ ಅಡಿಗೆ ಹೊಕ್ಕು ನೋಡಲು ಸರಿಯಾದ ಹೊತ್ತು ಅದು. ಹೊಕ್ಕುವ ಮೊದಲು ವೇದಿಕೆಯ ಕೆಳಗೆ ಮರದ ಒತ್ತು ಇಡಬೇಕೆಂಬುದನ್ನು ಅವರಿಗೆ ನೆನಪಿಸಬೇಕಾಗಿ ಬರಲಾರದು.